ಮೂರನೇ ಪಾಠದ ಮಾಮ

ಮೊನ್ನೆ ಕೊಡಿಯಾಲ್‌ಬೈಲಿನ ಆ ಕಾಲೇಜಿಗೆ ಹೋಗಿದ್ದೆ. ಸ್ಪ್ಯಾನಿಷ್ ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಕರೆದಿದ್ದರು. ಮೆಟ್ಟಿಲು ಹತ್ತಿ ಮೊದಲ ಮಹಡಿಯ ವರಾಂಡಕ್ಕೆ ಕಾಲಿಟ್ಟದ್ದೇ ತಡ, ಒದ್ದೆ ಕೊಡೆಗಳ ವಾಸನೆ ಮೂಗಿಗೆ ಬಡಿಯಿತು. ಗೋಡೆಯುದ್ದಕ್ಕೂ ಬಿಡಿಸಿಟ್ಟ ಕೊಡೆಗಳು, ಅವುಗಳಡಿ ಸೋರಿ ನಿಂತ ನೀರು, ಆ ನೀರನ್ನು ಒರೆಸಲು ಯಾರೋ ಸುರಿದ ಫಿನಾಯಿಲ್. ಕಾಫಿ ತರಿಸುತ್ತೇವೆ, ಒಳಗೆ ಕೂತಿರಿ ಎಂದರು. ಕೂರಲು ಮನಸ್ಸಾಗಲಿಲ್ಲ. ಹಿಂದೆ ಒಂದು ಮಳೆಗಾಲವಿಡೀ ಇದೇ ವರಾಂಡದಲ್ಲಿ ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ್ದೆ. ಕಾಲುಗಳಿಗೆ ಅದು ಮರೆತಿರಲಿಲ್ಲವೆಂದು ಕಾಣುತ್ತದೆ.

ಆಗ ನಾನು ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಎಂ.ಎ. ಮುಗಿಸಿ ಉಳ್ಳಾಲದ ಮನೆಗೆ ಮರಳಿದ್ದೆ. ಇಂಗ್ಲಿಷ್ ಎಂ.ಎ. ಮಾಡಿದವರನ್ನು ಯಾರೂ ಕೇಳದ ಪ್ರಶ್ನೆಯನ್ನು ನನಗೆ ಊರೆಲ್ಲ ಕೇಳಿತು. "ಸ್ಪ್ಯಾನಿಷಾ? ಅದು ಕಲಿತು ಎಂತ ಮಾಡ್ಲಿಕ್ಕುಂಟು?" ಕೇಳಿದವರನ್ನು ನೋಡಿ ಉತ್ತರ ಬದಲಾಯಿಸುತ್ತಿದ್ದೆ. ಹಡಗಿನ ಕೆಲಸದವರಿಗೆ ಬೇಕು ಎಂದು ಒಬ್ಬರಿಗೆ, ಕಂಪೆನಿಯವರಿಗೆ ಬೇಕು ಎಂದು ಇನ್ನೊಬ್ಬರಿಗೆ. ಪಕ್ಕದ ಮನೆಯ ಚಂದ್ರಾವತಿಯಕ್ಕನಿಗೆ ಮಾತ್ರ ಸತ್ಯ ಹೇಳಿದೆ: "ನನಗೆ ಖುಷಿ ಅಕ್ಕ, ಅದಕ್ಕೆ ಕಲಿತದ್ದು." ಅವರು ಅಮ್ಮನ ಹತ್ತಿರ ಹೋಗಿ, "ಹುಡುಗಿಗೆ ಎಂತದೋ ಆಗಿದೆ, ಒಮ್ಮೆ ಜ್ಯೋತಿಷ್ಯ ಕೇಳಿಸಿ" ಎಂದರಂತೆ.

ಕೆಲಸ ಸಿಕ್ಕಿತ್ತು. ಆದರೆ ತುಂಡು ತುಂಡಾಗಿ ಸಿಕ್ಕಿತ್ತು. ಬೆಳಿಗ್ಗೆ ಕೊಡಿಯಾಲ್‌ಬೈಲಿನ ಈ ಕಾಲೇಜಿನಲ್ಲಿ ಸರ್ಟಿಫಿಕೇಟ್ ತರಗತಿ. ಮಧ್ಯಾಹ್ನ ಕಾಟಿಪಳ್ಳದ ಒಂದು ಶಾಲೆಯಲ್ಲಿ ಮಕ್ಕಳಿಗೆ ಹಾಡು, ಬಣ್ಣ, ವಾರದ ಹೆಸರು. ಸಂಜೆ ಮನೆಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಪರದೇಶಕ್ಕೆ ಹೋಗಲಿರುವ ನರ್ಸುಗಳಿಗೆ ಆನ್‌ಲೈನ್ ಪಾಠ. ಜೋರು ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತಿತ್ತು. ಹೋಗಿ ಬರುವಾಗ ಅರ್ಧ ನರ್ಸುಗಳು ಮಾಯವಾಗಿರುತ್ತಿದ್ದರು. ಉಳಿದ ಬದುಕೆಲ್ಲ ಬಸ್ಸಿನಲ್ಲಿ. ನೇತ್ರಾವತಿ ಸೇತುವೆಯ ಮೇಲೆ ಬಸ್ಸು ನಿಂತರೆ ನಿಂತಿತು. ಕಿಟಕಿಯ ಟಾರ್ಪಾಲು ಇಳಿಸಿದರೆ ಬೆವರು, ಏರಿಸಿದರೆ ಮಳೆ. ಅಲ್ಲಿಯೇ ನಾಳಿನ ಪಾಠ, ಅಲ್ಲಿಯೇ ಬಿಟ್ಟು ಹೋಗಿಬಿಡುವ ಯೋಚನೆ. ವಾರಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆ, ಸೇತುವೆ ದಾಟಿ ಮನೆ ಹತ್ತಿರದ ತೊಕ್ಕೊಟ್ಟು ಬರುವಾಗ ಮತ್ತೆ ಬಿಚ್ಚುತ್ತಿದ್ದೆ. ಇರಬೇಕೆಂದೂ ಆಸೆ, ಓಡಬೇಕೆಂದೂ ಆಸೆ. ಅಮ್ಮ ಹೇಳುತ್ತಿದ್ದರು, "ನಿನ್ನ ಕಾಲಿಗೆ ಯಾರು ಚಕ್ರ ಕಟ್ಟಿದ್ದು ಮಾರಾಯ್ತಿ? ಊಟವನ್ನಾದ್ರೂ ಕೂತು ಮಾಡು."

ಮಳೆ ಹಿಡಿದ ಹೊಸತರಲ್ಲಿ ಪದ್ಮನಾಭ ಸರ್ ನನ್ನನ್ನು ಕರೆದರು. ಅವರು ಕನ್ನಡ ಪ್ರಾಧ್ಯಾಪಕರು, ಭಾಷಾ ವಿಭಾಗಗಳ ಮುಖ್ಯಸ್ಥರು. ಪಿಯುಸಿಯಲ್ಲಿ ನನಗೆ ಪಾಠ ಹೇಳಿದವರಾದ್ದರಿಂದ 'ನೀನು' ಎಂದೇ ಮಾತು.

"ಬರುವ ವರ್ಷದಿಂದ ಸ್ಪ್ಯಾನಿಷನ್ನು ಡಿಗ್ರಿಗೆ ಎರಡನೇ ಭಾಷೆ ಮಾಡುವ ಅಂತ ಉಂಟು. ಅದಾದ್ರೆ ಒಂದು ಪೂರ್ಣ ಹುದ್ದೆ ಬರ್ತದೆ. ಸಿಲೆಬಸ್ ನೀನೇ ಬರಿ. ಹೊರಗಿನಿಂದ ಒಬ್ಬರು ತಜ್ಞೆ ಬಂದು ನೋಡ್ತಾರೆ, ಮಕ್ಕಳ ಮಾತು ಕೇಳ್ತಾರೆ. ಅವರು ಸರಿ ಹೇಳಿದ್ರೆ ನೀನು ಇಲ್ಲಿಯೇ ಸೆಟಲ್."

ಸೆಟಲ್ ಎಂಬ ಆ ಒಂದು ಶಬ್ದವೇ ನನಗೆ ಸಾಕಾಯಿತು. ಒಂದೇ ಕಾಲೇಜು, ಒಂದೇ ಬಸ್ಸು, ಒಂದೇ ಕುರ್ಚಿ. ನಮ್ಮ ಊರಿನಲ್ಲೇ. ಬೇರೇನೂ ಬೇಡ, ಇದೊಂದು ಆಗಲಿ ಎಂದು ಆ ದಿನ ನಿಜವಾಗಿ ಬೇಡಿಕೊಂಡೆ.

ಪಾಠ ಮಾಡುವುದು ಬಡಿಸಿದ ಹಾಗೆ. ಪಠ್ಯಕ್ರಮ ಬರೆಯುವುದು ಅಡಿಗೆಗೆ ಅಕ್ಕಿ ಅಳೆದ ಹಾಗೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ನಿರ್ಧರಿಸಬೇಕು. ಪ್ರತಿ ಪಾಠದ ತಲೆಯ ಮೇಲೆ ಒಂದು ವಾಕ್ಯ ಇರಬೇಕು, ಇದನ್ನು ಓದಿದ ವಿದ್ಯಾರ್ಥಿಗೆ ಏನು ಮಾಡಲು ಬರುತ್ತದೆ ಎಂದು. ನಮ್ಮಲ್ಲಿದ್ದದ್ದು ಸ್ಪೇನಿನಿಂದ ಬಂದ ಚಂದದ ಪುಸ್ತಕ. ಅದರಲ್ಲಿ ನಾಲ್ಕು ಋತುಗಳಿದ್ದವು, ನಾಲ್ಕಕ್ಕೂ ಬೇರೆ ಬೇರೆ ಕೋಟುಗಳಿದ್ದವು. ಕಾಟಿಪಳ್ಳದಿಂದ ಬರುತ್ತಿದ್ದ ರಕ್ಷಿತ್ ಎಂಬವನು ಎದ್ದು ನಿಂತು, "ಮೇಡಮ್, ನಮ್ಮಲ್ಲಿ ಎರಡೇ ಇರುದು. ಒಂದು ಮಳೆ, ಇನ್ನೊಂದು ಬೆವರು" ಎಂದ. ಹಡಗಿನ ಅಡಿಗೆಮನೆಯಲ್ಲಿ ಕೆಲಸ ಹಿಡಿಯಬೇಕೆಂಬ ಹುಡುಗ, ತಮಾಷೆಗೆ ಕಡಿಮೆ ಇಲ್ಲ. ಆ ಪಾಠವನ್ನು ಹೇಗೋ ದಾಟಿದೆ. ಮೂರನೇ ಪಾಠಕ್ಕೆ ಬಂದು ಸಿಕ್ಕಿಬಿದ್ದೆ.

ಮೂರನೇ ಪಾಠ ಕುಟುಂಬ. ಪುಸ್ತಕದಲ್ಲಿ ಒಂದು ಮರದ ಚಿತ್ರ. ತುದಿಯಲ್ಲಿ ಅಜ್ಜ, ಅಜ್ಜಿ. ಕೆಳಗೆ ಅಪ್ಪ, ಅಮ್ಮ. ಅದರ ಕೆಳಗೆ ಒಂದು ಗಂಡು, ಒಂದು ಹೆಣ್ಣು, ಒಂದು ನಾಯಿ. ಮಾಮನಿಗೆ ಒಂದು ಬದಿಯ ಕೊಂಬೆಯಲ್ಲಿ ಸಣ್ಣ ಚೌಕ. ಮಕ್ಕಳಿಗೆ ಹೆಸರು ತುಂಬಲು ಹೇಳಿ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ತಿರುಗಿ ನೋಡಿದರೆ ಅರ್ಧ ತರಗತಿ ಚೌಕಗಳನ್ನು ಗೀಚಿ ಹಾಕಿ ಮಾರ್ಜಿನಿನಲ್ಲಿ ಬರೆಯುತ್ತಿತ್ತು.

ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ತುಳುನಾಡಿನ ನಮ್ಮಂಥ ಮನೆಗಳಲ್ಲಿ ವಂಶ ತಾಯಿಯಿಂದ ಹರಿಯುತ್ತದೆ. ನಮ್ಮ ಬಳಿ, ಅಂದರೆ ಕುಲ, ಅಮ್ಮನದ್ದು. ಕುಟುಂಬದ ಯಜಮಾನ ಎಂದರೆ ಅಮ್ಮನ ಅಣ್ಣನೋ ತಮ್ಮನೋ, ಅಪ್ಪ ಅಲ್ಲ. ಕಾನೂನು ಬದಲಾಗಿ ಕಾಲವಾಯಿತು, ಎಲ್ಲರೂ ಫ್ಲಾಟಿಗೆ ಬಂದರು, ಆದರೂ ದೈವದ ಎದುರು ಕುಟುಂಬದ ಪರವಾಗಿ ಕೈಮುಗಿದು ನಿಲ್ಲುವವರು ಮಾಮ. ಹುಡುಗಿ ನೋಡಲು ಬಂದವರಿಗೆ, "ಮಾಮನ ಹತ್ರ ಒಂದು ಮಾತು ಕೇಳಿ ಹೇಳ್ತೇವೆ" ಎನ್ನುವುದು ಈಗಲೂ ಉಂಟು. ನನ್ನ ಮನೆಯೂ ಹಾಗೆಯೇ. ಅಪ್ಪ ಮಸ್ಕತ್ತಿನಲ್ಲಿದ್ದು ರಜೆಗೆ ಬರುತ್ತಿದ್ದರು. ಬಂದರೂ ನೆಂಟರ ಹಾಗೆ ಸಂಕೋಚದಿಂದ ಕೂರುತ್ತಿದ್ದರು. ನನ್ನನ್ನು ಶಾಲೆಗೆ ಸೇರಿಸಿದ್ದು, ಜ್ವರ ಬಂದಾಗ ಹೊತ್ತು ಓಡಿದ್ದು, ಹೈದರಾಬಾದಿಗೆ ಕಳಿಸಲು ಅಮ್ಮನನ್ನು ಒಪ್ಪಿಸಿದ್ದು ಎಲ್ಲ ತೊಕ್ಕೊಟ್ಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ವಿಠಲ ಮಾಮ.

ಆ ದಿನ ಮರದ ಚಿತ್ರವನ್ನು ಕಿತ್ತು ಬದಿಗಿಟ್ಟೆ. ಸಿಲೆಬಸ್ಸಿನ ಮೂರನೇ ಪಾಠಕ್ಕೆ ಒಂದು ಖಾಲಿ ಹಾಳೆ ಸೇರಿಸಿದೆ. ಮೇಲೆ ಒಂದೇ ಸೂಚನೆ: ನಿಮ್ಮ ಮನೆಯನ್ನು ನೀವೇ ಬರೆಯಿರಿ, ಯಾರಿಂದ ಬೇಕಾದರೂ ಶುರು ಮಾಡಿ. ಅಲ್ಲಿಯವರೆಗೆ ಬಾಯಿ ಬಿಡದವರೂ ಮಾತಾಡತೊಡಗಿದರು. "ಮೇಡಮ್, ಅಮ್ಮನ ಅಮ್ಮನ ತಮ್ಮನಿಗೆ ಸ್ಪ್ಯಾನಿಷಲ್ಲಿ ಎಂತ ಹೇಳುದು?" "ಮೇಡಮ್, ಯಜಮಾನ ಅಂತ ಹೇಗೆ ಹೇಳುದು?" ಮೂಡುಬಿದಿರೆ ಕಡೆಯ ಭೂಮಿ ಇದ್ದ ಮನೆತನದ ಯಶ್ವಿತಾ ಎಂಬ ಮೆದು ಮಾತಿನ ಹುಡುಗಿ, ಅಜ್ಜಿಯಿಂದ ಶುರು ಮಾಡಿ ಹಾಳೆಯ ಹಿಂದಿನ ಪುಟಕ್ಕೂ ದಾಟಿದಳು. ನನಗೆ ಅಷ್ಟು ಖುಷಿ ಕೊಟ್ಟ ತರಗತಿ ಬೇರೆ ಇಲ್ಲ.

ಪದ್ಮನಾಭ ಸರ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಚಂದ ಉಂಟು. ಆದ್ರೆ ದೇವರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ವಾ? ಬರುವವರಿಗೆ ಆ ಮರವನ್ನೇ ತೋರಿಸು. ಹುದ್ದೆ ಬಂದ ಮೇಲೆ ನಿನ್ನ ಮಾಮನನ್ನು ತಂದು ಕೂರಿಸು, ಯಾರು ಕೇಳ್ತಾರೆ?"

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕಡತಕ್ಕೆ ಹೋದದ್ದು ಖಾಲಿ ಹಾಳೆಯೇ.

ತಜ್ಞೆ ಬಂದದ್ದು ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ. ಬೇರೆ ರಾಜ್ಯದವರು, ಹಲವು ವರ್ಷ ಸ್ಪೇನಿನಲ್ಲಿ ಕಲಿತು ಕಲಿಸಿದವರು. ಸೌಮ್ಯ ಮುಖ, ಇಸ್ತ್ರಿ ಕೆಡದ ಸೀರೆ. ಅವರು ಒಳಗೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಿದ್ದರು. ನಿಯಮದಂತೆ ನಾನು ಹೊರಗೆ. ವರಾಂಡದ ಈ ತುದಿಯಿಂದ ಆ ತುದಿಗೆ ನಡೆದದ್ದೇ ನಡೆದದ್ದು. ಮಳೆ ಎಷ್ಟು ಜೋರಿತ್ತೆಂದರೆ ಬಾಗಿಲಿಗೆ ಕಿವಿ ಕೊಟ್ಟರೂ ಏನೂ ಕೇಳಿಸುತ್ತಿರಲಿಲ್ಲ. ಒಳಗೆ ನಡೆದದ್ದು ಆಮೇಲೆ ಮಕ್ಕಳಿಂದಲೇ ತಿಳಿಯಿತು.

ರಕ್ಷಿತ್‌ಗೆ ಕೇಳಿದರಂತೆ, ನಿಮ್ಮ ಕುಟುಂಬದ ಯಜಮಾನ ಯಾರು? "ಮಿ ತಿಯೊ," ನನ್ನ ಮಾಮ, ಎಂದು ಅವನು ಎದೆ ಉಬ್ಬಿಸಿ ಹೇಳಿದ. ಅಪ್ಪ ಇಲ್ಲವೇ ಎಂದರು. ಇದ್ದಾರೆ, ಗಲ್ಫಿನಲ್ಲಿ ಎಂದ. ಅಲ್ಲಿಗೆ ಸರಿಹೋಯಿತು. ಆಮೇಲೆ ಯಶ್ವಿತಾ. ಅವಳ ಅಪ್ಪ ಮನೆಯಲ್ಲೇ ಇರುವವರು, ಬ್ಯಾಂಕಿನ ಕೆಲಸ. ಆದರೂ ಅವಳ ಉತ್ತರ, ಯಜಮಾನ ನನ್ನ ಮಾಮ. ಹಾಗಾದರೆ ಅಪ್ಪ? ಹುಡುಗಿ ಶಬ್ದ ಹುಡುಕಿ ಹುಡುಕಿ ಸರಿಯಾಗಿಯೇ ಹೇಳಿದಳಂತೆ: ಅಪ್ಪ ಅವರ ತಂಗಿಯ ಕುಟುಂಬಕ್ಕೆ ಯಜಮಾನ. ತಜ್ಞೆ ಪೆನ್ನು ಕೆಳಗಿಟ್ಟರಂತೆ. ಅದರ ನಂತರ ಬಂದವರಲ್ಲೂ ಹೆಚ್ಚಿನವರದ್ದು ಇದೇ ರಾಗ.

ಮಧ್ಯಾಹ್ನ ನನ್ನನ್ನು ಒಳಗೆ ಕರೆದರು. ಇಂಗ್ಲಿಷಿನಲ್ಲಿ, ಬೇಸರದಿಂದಲೇ ಹೇಳಿದರು. "ಒಬ್ಬರು ತಪ್ಪಿದರೆ ಅದು ವಿದ್ಯಾರ್ಥಿಯ ತಪ್ಪು. ತರಗತಿಗೆ ತರಗತಿಯೇ ತಪ್ಪಿದರೆ ಶಿಕ್ಷಕಿಯದ್ದು. ನೀವು ಅಪ್ಪ, ಮಾಮ ಎರಡನ್ನೂ ಅದಲುಬದಲು ಕಲಿಸಿದ್ದೀರಿ."

ನನಗೆ ನಗುವೂ ಬಂತು, ಅಳುವೂ ಬಂತು. ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಳ್ಳದವರಲ್ಲ, ಕುತೂಹಲದಿಂದ ಪ್ರಶ್ನೆ ಕೇಳಿದರು, ಟಿಪ್ಪಣಿ ಮಾಡಿಕೊಂಡರು. ಕೊನೆಗೆ ಅಂದರು, "ಬಹಳ ಸ್ವಾರಸ್ಯದ ವಿಷಯ. ಆದರೆ ಈ ಮಕ್ಕಳು ನಾಳೆ ದೊಡ್ಡ ಪರೀಕ್ಷೆಗೆ ಕೂತು ಹೀಗೆ ಉತ್ತರಿಸಿದರೆ, ಅಲ್ಲಿರುವವರಿಗೆ ನೀವು ಬಂದು ವಿವರಿಸುತ್ತೀರಾ? ಅಂಕ ಹೋಗುವುದು ಅವರದ್ದು. ಖಾಲಿ ಹಾಳೆ ತೆಗೆಯಿರಿ, ಮುದ್ರಿತ ಮರ ಇರಲಿ. ಉಳಿದದ್ದಕ್ಕೆಲ್ಲ ನನ್ನ ಪೂರ್ಣ ಒಪ್ಪಿಗೆ."

"ಪಾಠದ ತಲೆಯ ಮೇಲೆ 'ವಿದ್ಯಾರ್ಥಿಯು ತನ್ನ ಕುಟುಂಬವನ್ನು ಪರಿಚಯಿಸಬಲ್ಲನು' ಎಂದು ಬರೆದಿದೆ ಮೇಡಮ್. ತನ್ನ ಎಂದರೆ ಯಾರದ್ದು?"

"ನಾವು ಅಳೆಯುವುದು ವಾಕ್ಯವನ್ನು, ಮನೆಯನ್ನಲ್ಲ," ಎಂದರು. ಅದರಲ್ಲೂ ನ್ಯಾಯವಿತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಮರುದಿನ ಬೆಳಿಗ್ಗೆ ಅವರು ಹೊರಡುವುದರೊಳಗೆ ಉತ್ತರ ಬೇಕಿತ್ತು.

ಹೊರಗೆ ಮಕ್ಕಳು ಕಾಯುತ್ತಿದ್ದರು. ರಕ್ಷಿತ್ ಎಲ್ಲ ಕೇಳಿ ಕೈ ಕೊಡವಿದ. "ಅಷ್ಟೆಯಾ? ಅವರಿಗೆ ಬೇಕಾದ್ದನ್ನೇ ಹೇಳುವ ಮೇಡಮ್. ಬೇಕಿದ್ರೆ ಅಪ್ಪನನ್ನು ಗಲ್ಫಿನಿಂದ ತಂದು ಮರದ ತುದಿಯಲ್ಲಿ ಕೂರಿಸುವ. ನಮ್ಮ ಮನೆ ಎಲ್ಲಿಗೂ ಓಡಿ ಹೋಗುದಿಲ್ಲ."

ಯಶ್ವಿತಾ ಮಾತ್ರ ಕೊಡೆಯ ಹಿಡಿಯನ್ನು ತಿರುಚುತ್ತಾ ಕೇಳಿದಳು, "ನಾವು ನಿಜ ಹೇಳಿದ್ದು ತಪ್ಪಾ ಮೇಡಮ್?"

ತಪ್ಪಲ್ಲ ಎಂದೆ. ಹಾಗೆಂದ ಮೇಲೆ ನನ್ನ ದಾರಿ ಅರ್ಧ ಮುಚ್ಚಿಹೋಯಿತು. ಕಾಟಿಪಳ್ಳದ ಶಾಲೆಗೆ ಹೋಗದೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದವರೆಗೆ ನಡೆದೆ, ಬಸ್ಸು ಹತ್ತಿದೆ, ಮಧ್ಯದಲ್ಲಿ ಇಳಿದೆ, ಮತ್ತೊಂದು ಬಸ್ಸು ಹತ್ತಿದೆ. ಯಾಕೆ ಇಳಿದೆನೆಂದು ಈಗಲೂ ಗೊತ್ತಿಲ್ಲ.

ಮನೆಯ ಜಗುಲಿಯಲ್ಲಿ ಮಾಮ ಚಾ ಕುಡಿಯುತ್ತಿದ್ದರು. ಅಂಗಡಿಗೆ ನೀರು ಬಂದು ಬೇಗ ಬಾಗಿಲು ಹಾಕಿದ್ದರಂತೆ. "ಎಂತ, ಮುಖ ಆಟಿಯ ಆಕಾಶದ ಹಾಗೆ ಉಂಟಲ್ಲ?" ಎಂದರು. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಂತಲ್ಲೇ ಎಲ್ಲ ಹೇಳಿದೆ. ಮರ, ಕೊಂಬೆ, ಬದಿಯ ಸಣ್ಣ ಚೌಕ. ಅವರು ಚಾ ನೆತ್ತಿಗೇರುವಷ್ಟು ನಕ್ಕರು.

"ಸ್ಪೇನಿನವರಿಗೆ ನಾನು ಯಾಕೆ ಮಗಾ? ನನ್ನನ್ನು ಯಾವ ಮೂಲೆಯಲ್ಲಾದ್ರೂ ಕೂರಿಸು. ನಾಯಿಯ ಕೆಳಗೆ ಹಾಕಿದ್ರೂ ಅಡ್ಡಿಯಿಲ್ಲ. ನೀನು ಮೊದಲು ಒಂದು ಕಡೆ ಕೂತ್ಕೋ."

ಅಡಿಗೆಮನೆಯಿಂದ ಅಮ್ಮ, "ಕೇಳಿತಲ್ಲ? ಯಜಮಾನರು ಹೇಳಿದ ಮೇಲೆ ಮುಗೀತು" ಎಂದರು.

ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು. ಮಾಮ ನಮ್ಮ ಮನೆಯ ಯಜಮಾನ ಎಂದು ನಾನು ಜಗಳಾಡುತ್ತಿದ್ದದ್ದು. ಆ ಯಜಮಾನರೇ ತನ್ನನ್ನು ತೆಗೆದುಹಾಕು ಎನ್ನುತ್ತಿದ್ದಾರೆ. ಮಾತು ಕೇಳಿದರೆ ಅವರನ್ನು ಹಾಳೆಯಿಂದ ಇಳಿಸಬೇಕು. ಹಾಳೆಯಲ್ಲಿ ಉಳಿಸಿದರೆ ಮನೆಯಲ್ಲಿ ಅವರ ಮಾತು ಮೀರಬೇಕು. ಎತ್ತ ತಿರುಗಿದರೂ ಮಾಮನಿಗೇ ತಾಗುವ ಹಾಗೆ ಇತ್ತು. ಆ ಸಂಜೆ ನರ್ಸುಗಳಿಗೆ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಬೆಳಿಗ್ಗೆ ಹೋಗಿ ಹೇಳಿದೆ, "ಮರ ಇರಲಿ ಮೇಡಮ್, ಬೇಡವೆನ್ನುವುದಿಲ್ಲ. ಖಾಲಿ ಹಾಳೆಯೂ ಇರಲಿ. ಎರಡೂ ಇರಲಿ." ಅವರು ಕಡತ ಮುಚ್ಚಿ, "ಪರೀಕ್ಷೆಯಲ್ಲಿ ಎರಡು ಸರಿ ಉತ್ತರ ಇರಲು ಸಾಧ್ಯವಿಲ್ಲ" ಎಂದರು. ಸಿಟ್ಟು ಮಾಡಲಿಲ್ಲ. ಕಾರು ಬಂತು, ಹೋದರು.

ಸ್ಪ್ಯಾನಿಷ್ ಎರಡನೇ ಭಾಷೆಯಾಯಿತು. ನಾನು ಬರೆದ ಸಿಲೆಬಸ್ಸೇ, ಮೂರನೇ ಪಾಠದ ಆ ಹಾಳೆಯೊಂದನ್ನು ಬಿಟ್ಟು. ಹುದ್ದೆ ಮಾತ್ರ, ಹೇಳಿದಂತೆ ಕೇಳುವ ಇನ್ನೊಬ್ಬರಿಗೆ ಹೋಯಿತು. ಪದ್ಮನಾಭ ಸರ್ ಬೈಯಲಿಲ್ಲ. "ನೀನೊಂದು ಹೂಂ ಅನ್ನಬಹುದಿತ್ತು" ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು. ಚೌತಿ ಕಳೆದ ಮೇಲೆ ಪುಣೆಯಲ್ಲಿ ಶಾಲೆಗಳಿಗೆ ಸ್ಪ್ಯಾನಿಷ್ ಪುಸ್ತಕ ಮಾಡುವವರಲ್ಲಿ ಕೆಲಸ ಸಿಕ್ಕಿತು. ರೈಲು ಹತ್ತಿಸಲು ಬಂದವರು ಮಾಮ. ಚೀಲಗಳನ್ನು ಸೀಟಿನಡಿ ತಳ್ಳಿ ಮೇಲೆದ್ದಾಗ ಕೇಳಿದೆ, "ಮಾತು ಮೀರಿದೆ ಅಂತ ಕೋಪವಾ ಮಾಮ?"

"ಕೋಪ ಎಂತಕ್ಕೆ? ಹಠ ನಿನ್ನದಲ್ಲ, ನಿನ್ನ ಅಜ್ಜಿಯದ್ದು. ನಮ್ಮ ಬಳಿಯದ್ದೇ ಸೊತ್ತು ಅದು," ಎಂದರು. ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಹೇಳಿದರು. ನನ್ನನ್ನು ಊರಿನಲ್ಲಿ ಇರಿಸಿಕೊಳ್ಳಬೇಕೆಂದು ಅವರಿಗೆ ಎಷ್ಟು ಆಸೆಯಿತ್ತೆಂದು ನನಗೆ ಆಗ ತಿಳಿಯಿತು.

ಆಮೇಲೆ ನಾನು ಬರೆದ ಪುಸ್ತಕಗಳಲ್ಲೆಲ್ಲ ಆ ಖಾಲಿ ಹಾಳೆ ಸೇರಿಸುತ್ತಲೇ ಬಂದಿದ್ದೇನೆ. ಕೆಲವು ಕಡೆ ಉಳಿಯುತ್ತದೆ, ಕೆಲವು ಕಡೆ ಸಂಪಾದಕರು ಕತ್ತರಿಸುತ್ತಾರೆ. ಪುಣೆ ಬಿಟ್ಟು ಬೇರೆ ಊರು, ಅದನ್ನೂ ಬಿಟ್ಟು ಇನ್ನೊಂದು. ಮಾಮ ತೀರಿಕೊಂಡಾಗ ನಾನು ದೂರದ ಯಾವುದೋ ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದೆ. ಬರುವಾಗ ಎಲ್ಲ ಮುಗಿದಿತ್ತು. ಕಾಲೇಜಿನ ಆ ಕುರ್ಚಿಯಲ್ಲಿ ಕೂತಿದ್ದರೆ ಅವರ ಕೊನೆಯ ವರ್ಷಗಳಲ್ಲಿ ಹತ್ತಿರ ಇರುತ್ತಿದ್ದೆ. ಅದು ನೋಯುತ್ತದೆ, ನೋಯುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ಕಾಫಿ ಬರುವ ಹೊತ್ತಿಗೆ ಪರೀಕ್ಷೆ ಶುರುವಾಯಿತು. ಮೊದಲು ಬಂದವಳು ಉಳ್ಳಾಲದ ಹುಡುಗಿ, ಮೊದಲ ವರ್ಷದ ಡಿಗ್ರಿ. ಮಳೆಗೆ ಬಸ್ಸು ಸಿಗದೆ ಮನೆಯವರು ಸ್ಕೂಟರಿನಲ್ಲಿ ತಂದು ಬಿಟ್ಟಿದ್ದರು. ಬಾಗಿಲ ಹೊರಗೆ ರೈನ್‌ಕೋಟ್ ಹಾಕಿದ ಒಬ್ಬರು ಅವಳ ಚೀಲ ಹಿಡಿದುಕೊಂಡು, "ನಿಧಾನ ಮಾತಾಡು ಆಯ್ತಾ. ಹೆದರ್ಬೇಡ, ಮಾಮ ಇಲ್ಲೇ ಇದ್ದೇನೆ" ಎಂದದ್ದು ನನ್ನ ಕಿವಿಗೆ ಬಿತ್ತು.

ಹುಡುಗಿ ಕೂತಳು. ಮೇಜಿನ ಮೇಲಿದ್ದ ಈಗಿನ ಪುಸ್ತಕದ ಮರದಲ್ಲಿ ಮಾಮನ ಆ ಸಣ್ಣ ಚೌಕವೂ ಇರಲಿಲ್ಲ. ನಿಮ್ಮ ಕುಟುಂಬದ ಬಗ್ಗೆ ಹೇಳಿ ಎಂದೆ. ನೀರು ಹರಿದ ಹಾಗೆ ಹೇಳಿದಳು. ನಾವು ನಾಲ್ಕು ಜನ. ಅಪ್ಪ, ಅಮ್ಮ, ನಾನು, ತಮ್ಮ. ಅಪ್ಪ ಕುಟುಂಬದ ಯಜಮಾನ. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಪೂರ್ತಿ ಅಂಕ ಕೊಡಬೇಕಾದ ಉತ್ತರ. ಕೊಟ್ಟೆ. ಪೆನ್ನು ಕೆಳಗಿಟ್ಟು ಸ್ಪ್ಯಾನಿಷಿನಲ್ಲೇ ಕೇಳಿದೆ, "ಮತ್ತೆ ನಿನ್ನ ಮಾಮ?"

ಅವಳು ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಕೈಬೆರಳುಗಳನ್ನು ಹೆಣೆದುಕೊಂಡಳು. ಸ್ಪ್ಯಾನಿಷ್ ಬಿಟ್ಟು ಕನ್ನಡದಲ್ಲಿ, ನನಗೆ ಬೇಸರವಾಗದ ಹಾಗೆ ಮೆಲ್ಲಗೆ ಹೇಳಿದಳು, "ಮೇಡಮ್, ಮಾಮ ಸಿಲೆಬಸ್ಸಲ್ಲಿ ಇಲ್ಲ."

"ಗೊತ್ತುಂಟು," ಎಂದೆ. "ಆದ್ರೂ ಹೇಳು."